ಬ್ರೇಕ್ ಎಂದು ಕರೆಸಿಕೊಂಡ ಪ್ರೋಟೀನು

ಕಿರುಬೆರಳಿನ ತುದಿಯಷ್ಟು ಪುಟ್ಟ ಪ್ಲಾಸ್ಟಿಕ್ ಕೊಳವೆ. ತಳದಲ್ಲಿ ನೀರಿನಂತೆ ಕಾಣುವ ಒಂದೆರಡು ಹನಿ. ಮೇಲೆ ಅಂಟಿಸಿದ ಚೀಟಿಯಲ್ಲಿ ನಾಲ್ಕೈದು ಸಾಲು: ಮನುಷ್ಯನ ಪಿ27 ಪ್ರೋಟೀನು, ರಿಕಾಂಬಿನಂಟ್, ತಯಾರಾದದ್ದು ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ, ಶುದ್ಧತೆ ಶೇ 95ಕ್ಕಿಂತ ಹೆಚ್ಚು, ಮೈನಸ್ 80 ಡಿಗ್ರಿಯಲ್ಲಿ ಇಡಬೇಕು, ಸಂಶೋಧನೆಗೆ ಮಾತ್ರ. ಜೀವಕೋಶ ಯಾವಾಗ ಒಡೆದು ಎರಡಾಗುತ್ತದೆ, ಯಾವಾಗ ಸುಮ್ಮನಿರುತ್ತದೆ ಎಂಬುದನ್ನು ಅಭ್ಯಾಸ ಮಾಡುವ ಪ್ರಯೋಗಾಲಯಗಳ ಫ್ರೀಜರುಗಳಲ್ಲಿ ಇಂಥ ಕೊಳವೆಗಳು ಸಾಲಾಗಿ ಕೂತಿರುತ್ತವೆ. ಚೀಟಿಯಲ್ಲಿರುವ ಪ್ರತಿ ಸಾಲೂ ನಿಜ. ಆದರೆ ಅವುಗಳಲ್ಲಿ ಹೆಚ್ಚು ದಾರಿ ತಪ್ಪಿಸುವುದು ಶುದ್ಧತೆಯ ಸಾಲು ಎಂಬುದು ನನ್ನ ವಾದ. ಕೊಳವೆಯಲ್ಲಿ ಬೇರೆ ಪ್ರೋಟೀನು ಹೆಚ್ಚಾಗಿ ಬೆರೆತಿಲ್ಲ ಎಂದಷ್ಟೇ ಅದು ಹೇಳುತ್ತದೆ. ನಾವು ಅದನ್ನು, ಇದರಿಂದ ಸಿಗುವ ಉತ್ತರವೂ ಅಷ್ಟೇ ಶುದ್ಧ ಎಂದು ಓದಿಕೊಳ್ಳುತ್ತೇವೆ. ಪಿ27ರ ಮೂರು ದಶಕಗಳ ಚರಿತ್ರೆ ಹಾಗೆ ಓದಿಕೊಂಡವರನ್ನು ಮತ್ತೆ ಮತ್ತೆ ತಿದ್ದಿದೆ. ಹಾಗೆಂದು ಕೊಳವೆಯ ಪ್ರಯೋಗವನ್ನೇ ಬದಿಗಿಡಬೇಕು ಎನ್ನುವವರ ಮಾತನ್ನೂ ನಾನು ಒಪ್ಪಲಾರೆ. ಆ ತಿದ್ದುಪಡಿಗಳಲ್ಲಿ ದೊಡ್ಡ ಪಾಲು ಬಂದದ್ದು ಇಂಥದೇ ಕೊಳವೆಗಳಿಂದ.

ಸ್ವಲ್ಪ ಹಿನ್ನೆಲೆ ಬೇಕು. ಕೋಶ ಎರಡಾಗುವ ಮುನ್ನ ಬೆಳೆಯಬೇಕು, ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳಬೇಕು, ಆ ನಕಲನ್ನು ಸಮನಾಗಿ ಹಂಚಬೇಕು. ಈ ಹಂತಗಳನ್ನು ಸರದಿ ತಪ್ಪದಂತೆ ನಡೆಸುವುದು ಸಿಡಿಕೆ ಎಂಬ ಕಿಣ್ವಗಳ ಗುಂಪು. ಸಿಡಿಕೆ ಒಂಟಿಯಾಗಿದ್ದಾಗ ಕೆಲಸ ಮಾಡದು. ಸೈಕ್ಲಿನ್ ಎಂಬ ಜೊತೆಗಾರ ಪ್ರೋಟೀನು ಬಂದು ಕೂಡಿಕೊಂಡಾಗ ಅದು ಚುರುಕಾಗಿ, ಬೇರೆ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸತೊಡಗುತ್ತದೆ. ಆ ಪುಟ್ಟ ಫಾಸ್ಫೇಟೇ ಅವುಗಳಿಗೆ ಆಜ್ಞೆ. ಸೈಕ್ಲಿನ್ ಕಣ್ಣಿಗೆ ಬಿದ್ದದ್ದು 1982ರಲ್ಲಿ, ಅಮೆರಿಕದ ಕಡಲತೀರದ ವುಡ್ಸ್ ಹೋಲ್‌ನಲ್ಲಿ. ಸೀ ಅರ್ಚಿನ್ ಎಂಬ ಮುಳ್ಳುಮೈಯ ಕಡಲಜೀವಿಯ ಮೊಟ್ಟೆಗಳಲ್ಲಿ ಒಂದು ಪ್ರೋಟೀನು ಏರುತ್ತ ಹೋಗಿ, ಪ್ರತಿ ವಿಭಜನೆಯ ಹೊತ್ತಿಗೆ ಥಟ್ಟನೆ ಮಾಯವಾಗುವುದನ್ನು ಟಿಮ್ ಹಂಟ್ ಗಮನಿಸಿದರು. 1987ರಲ್ಲಿ ಮೆಲನಿ ಲೀ ಮತ್ತು ಪಾಲ್ ನರ್ಸ್ ಇನ್ನೊಂದು ದೊಡ್ಡ ಸಂಗತಿ ತೋರಿಸಿದರು. ಸಿಡಿಕೆ ಜೀನ್ ಕೆಟ್ಟು ವಿಭಜನೆ ನಿಂತುಹೋದ ಯೀಸ್ಟಿಗೆ ಮನುಷ್ಯನ ಜೀನ್ ಸೇರಿಸಿದರೆ, ಯೀಸ್ಟು ಮತ್ತೆ ಒಡೆಯತೊಡಗಿತು. ನಮ್ಮ ವಂಶವೂ ಯೀಸ್ಟಿನ ವಂಶವೂ ಕವಲೊಡೆದು ನೂರು ಕೋಟಿ ವರ್ಷಗಳಷ್ಟಾಗಿದೆ. ಆದರೂ ಈ ಯಂತ್ರದ ಭಾಗ ಒಂದರಿಂದ ತೆಗೆದು ಇನ್ನೊಂದಕ್ಕೆ ಕೂರಿಸುವಷ್ಟು ಒಂದೇ ಆಗಿ ಉಳಿದಿದೆ. ಒಂದು ಜೀವಿಯ ಪ್ರೋಟೀನನ್ನು ಇನ್ನೊಂದು ಜೀವಿಯೊಳಗೆ ತಯಾರಿಸಿ ಅಭ್ಯಾಸ ಮಾಡಬಹುದು ಎಂಬ ನಂಬಿಕೆಗೆ ಇದಕ್ಕಿಂತ ಗಟ್ಟಿ ಆಧಾರ ನನಗೆ ಕಾಣದು. ಹಂಟ್, ನರ್ಸ್ ಮತ್ತು ಲೀಲಂಡ್ ಹಾರ್ಟ್‌ವೆಲ್ 2001ರ ನೊಬೆಲ್ ಹಂಚಿಕೊಂಡರು.

ಇಂಥ ಸಿಡಿಕೆಯನ್ನು ಹಿಡಿದು ನಿಲ್ಲಿಸುವ ಏನೋ ಒಂದು ಕೋಶದೊಳಗೇ ಇದೆ ಎಂಬ ಸುಳಿವು 1990ರ ದಶಕದ ಮೊದಲ ವರ್ಷಗಳಲ್ಲಿ ಸಿಕ್ಕಿತು. ತಟ್ಟೆಯಲ್ಲಿ ಬೆಳೆಸಿದ ಮಾಮೂಲಿ ಕೋಶಗಳು ಒಂದಕ್ಕೊಂದು ತಾಗುವಷ್ಟು ಕಿಕ್ಕಿರಿದಾಗ ಒಡೆಯುವುದನ್ನು ನಿಲ್ಲಿಸುತ್ತವೆ. ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನನ್ನು ಕೊಟ್ಟಾಗಲೂ ಹಲವು ಬಗೆಯ ಕೋಶಗಳು ಹಾಗೆಯೇ ನಿಲ್ಲುತ್ತವೆ. ಹಾಗೆ ನಿಂತ ಕೋಶಗಳಲ್ಲಿ ಸೈಕ್ಲಿನ್ ಬಗೆಗಳಲ್ಲೊಂದಾದ ಸೈಕ್ಲಿನ್ ಇ ಇತ್ತು, ಅದರ ಜೊತೆಗಾರ ಸಿಡಿಕೆ2 ಇತ್ತು. ಕೆಲಸ ಮಾತ್ರ ನಡೆಯುತ್ತಿರಲಿಲ್ಲ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಸಂಸ್ಥೆಯ ಜೋನ್ ಮಸಾಗೆ, ಕೊರ್ನೇಲಿಯಾ ಪೊಲ್ಯಾಕ್, ಆ್ಯಂಡ್ರೂ ಕಾಫ್ ಹಾಗೂ ಸಿಯಾಟಲ್‌ನ ಜೇಮ್ಸ್ ರಾಬರ್ಟ್ಸ್ ಸೇರಿ, ಸಿಡಿಕೆಗೆ ಅಡ್ಡ ಬಂದು ಕೂತ ಪ್ರೋಟೀನನ್ನು, ಅಂದರೆ ಪಿ27ನ್ನು, 1994ರಲ್ಲಿ ಹಿಡಿದರು. ಅದೇ ವರ್ಷ ಕ್ಯಾಲಿಫೋರ್ನಿಯಾದ ಸಾಲ್ಕ್ ಸಂಸ್ಥೆಯ ಹಿಡಿಯೊ ಟೊಯೊಶಿಮಾ, ಟೋನಿ ಹಂಟರ್ ಬೇರೆ ದಾರಿಯಿಂದ ಅದೇ ಪ್ರೋಟೀನಿಗೆ ಬಂದು ಮುಟ್ಟಿದರು.

ಹಿಡಿದ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕೋಶಗಳನ್ನು ಒಡೆದು ತೆಗೆದ ರಸವನ್ನು ಅವರು ಕುದಿಮಟ್ಟಕ್ಕೆ ಬಿಸಿ ಮಾಡಿದರು. ಬಿಸಿ ತಾಗಿದರೆ ಪ್ರೋಟೀನುಗಳು ಸಾಮಾನ್ಯವಾಗಿ ಕೋಳಿಮೊಟ್ಟೆಯ ಬಿಳಿಯ ಹಾಗೆ ಹೆಪ್ಪುಗಟ್ಟಿ ತಳಕ್ಕಿಳಿಯುತ್ತವೆ. ಇದು ಇಳಿಯಲಿಲ್ಲ. ಕುದಿಸಿದ ಮೇಲೂ ತಿಳಿಯಲ್ಲೇ ಉಳಿದು, ಸಿಡಿಕೆ2ಗೆ ಸೇರಿಸಿದೊಡನೆ ಅದನ್ನು ನಿಲ್ಲಿಸಿತು. ಇನ್ನೂ ಕುತೂಹಲದ ಸಂಗತಿ ಎಂದರೆ, ಸುಮ್ಮನಿರುವ ಕೋಶಗಳಲ್ಲಿ ಮಾತ್ರವಲ್ಲ, ಚೆನ್ನಾಗಿ ಒಡೆಯುತ್ತಿರುವ ಕೋಶಗಳ ರಸವನ್ನು ಕುದಿಸಿದಾಗಲೂ ಅದು ಹೊರಬಂತು. ಅಂದರೆ ಒಡೆಯುವ ಕೋಶದಲ್ಲೂ ಪಿ27 ಇದೆ. ಬಿಸಿಗೆ ಕೆಡುವ ಬೇರೇನೋ ಅದನ್ನು ತನ್ನೊಳಗೆ ಹಿಡಿದಿಟ್ಟುಕೊಂಡಿದೆ. ಸೈಕ್ಲಿನ್ ಡಿ ಮತ್ತು ಸಿಡಿಕೆ4ರ ಜೋಡಿ ಹಾಗೆ ಹಿಡಿದಿಡಬಲ್ಲದು ಎಂದೂ ಆ ಮೊದಲ ಪ್ರಬಂಧಗಳಲ್ಲೇ ಹೇಳಲಾಗಿತ್ತು. ಈ ಒಂದು ಮಾತನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಪಿ27ನ್ನು 'ಕೋಶದ ಬ್ರೇಕ್' ಎಂದು ಕರೆದ ಎಲ್ಲರೂ ಬೇಗ ಮರೆತದ್ದು ಇದನ್ನೇ.

ಕುದಿಸಿದರೂ ಕೆಡದಿರಲು ಕಾರಣ ಏನು? ಕೆಡಲು ಅದಕ್ಕೆ ಆಕಾರವೇ ಇರಲಿಲ್ಲ. ಪ್ರೋಟೀನು ಎಂದರೆ ಅಮೈನೊ ಆಮ್ಲಗಳ ಸರಪಳಿ. ಅದು ನಿರ್ದಿಷ್ಟವಾಗಿ ಮಡಚಿಕೊಂಡು ಒಂದು ಆಕಾರ ತಳೆದಾಗ ಮಾತ್ರ ಕೆಲಸಕ್ಕೆ ಬರುತ್ತದೆ ಎಂದು ಪಠ್ಯಪುಸ್ತಕಗಳು ಹೇಳುತ್ತ ಬಂದಿದ್ದವು. ಆ ಮಡಿಕೆಗಳಲ್ಲಿ ಯಾವುದು ಸಾಧ್ಯ, ಯಾವುದು ಅಸಾಧ್ಯ ಎಂಬ ನಕ್ಷೆಯನ್ನು 1963ರಲ್ಲಿ ಮದ್ರಾಸಿನಲ್ಲಿ ಬಿಡಿಸಿಕೊಟ್ಟವರು ಜಿ. ಎನ್. ರಾಮಚಂದ್ರನ್. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತವಿಜ್ಞಾನದ ವಿಭಾಗ ಕಟ್ಟಿದವರೂ ಅವರೇ. ಪಿ27ಕ್ಕೆ 198 ಅಮೈನೊ ಆಮ್ಲಗಳಿವೆ. ಒಂಟಿಯಾಗಿದ್ದಾಗ ಅದು ಬಹುಮಟ್ಟಿಗೆ ಸಡಿಲ ದಾರದಂತಿರುತ್ತದೆ, ಸೈಕ್ಲಿನ್-ಸಿಡಿಕೆ ಜೋಡಿಯನ್ನು ಮುಟ್ಟಿದಾಗ ಅವೆರಡರ ಮೈಮೇಲೆ ಹಾಸಿಕೊಂಡು ಆಕಾರ ಪಡೆಯುತ್ತದೆ. ಅದರ ಸೋದರ ಪ್ರೋಟೀನು ಪಿ21ರಲ್ಲಿ ಇದೇ ಗುಣವನ್ನು ರಿಚರ್ಡ್ ಕ್ರಿವಾಕಿ ಮತ್ತು ಸಂಗಡಿಗರು 1996ರಲ್ಲಿ ತೋರಿಸಿದರು. ಸ್ಥಿರ ಆಕಾರವಿಲ್ಲದೆಯೂ ಪ್ರೋಟೀನು ನಿಖರವಾಗಿ ಕೆಲಸ ಮಾಡಬಲ್ಲದು ಎಂಬ ತಿಳಿವಳಿಕೆಗೆ ದಾರಿ ಮಾಡಿದ ಮೊದಲ ಉದಾಹರಣೆಗಳಲ್ಲಿ ಈ ಕುಟುಂಬವೂ ಸೇರಿದೆ. ಹೆಸರಿನ 27 ಕೂಡ ಈ ಸಡಿಲತೆಯ ಗುರುತೇ: ಅಮೈನೊ ಆಮ್ಲಗಳ ಲೆಕ್ಕ ಹಾಕಿದರೆ ಅದರ ತೂಕ 22 ಕಿಲೋಡಾಲ್ಟನ್, ಪ್ರೋಟೀನುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುವ ಜೆಲ್‌ನಲ್ಲಿ ಓಡಿಸಿದರೆ 27ರ ಜಾಗದಲ್ಲಿ ನಿಲ್ಲುತ್ತದೆ.

ಮನುಷ್ಯನ ಕೋಶಗಳಿಂದ ಇದನ್ನು ನೇರವಾಗಿ ತೆಗೆಯಹೊರಟರೆ ಸಿಗುವುದು ಅತ್ಯಲ್ಪ. ಅದಕ್ಕೇ ರಿಕಾಂಬಿನಂಟ್ ವಿಧಾನ. ಜೀನನ್ನು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರಕ್ಕೆ ಹೊಲಿದು, ಅದನ್ನು ಇ. ಕೋಲೈಗೆ ಸೇರಿಸಿ, ಬ್ಯಾಕ್ಟೀರಿಯಾ ಮಂದವಾಗಿ ಬೆಳೆದ ಮೇಲೆ ಐಪಿಟಿಜಿ ಎಂಬ ರಾಸಾಯನಿಕ ಹಾಕಿದರೆ, ಕೆಲವೇ ಗಂಟೆಗಳಲ್ಲಿ ಅದು ಮನುಷ್ಯನ ಪ್ರೋಟೀನನ್ನು ರಾಶಿಯಾಗಿ ಮಾಡತೊಡಗುತ್ತದೆ. ಸಾರ್ವಜನಿಕರಿಗೆ ಗೊತ್ತಿರುವ ರಿಕಾಂಬಿನಂಟ್ ಪ್ರೋಟೀನು ಇನ್ಸುಲಿನ್. 1982ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಯೀಸ್ಟಿನಲ್ಲಿ ತಯಾರಿಸಿದ ಮಾನವ ಇನ್ಸುಲಿನ್ ಮಾರುಕಟ್ಟೆಗೆ ತಂದಿತು. ಹಾಗಿದ್ದರೆ ಪಿ27ನ್ನೂ ಚುಚ್ಚುಮದ್ದಾಗಿ ಕೊಟ್ಟು ಕ್ಯಾನ್ಸರ್ ನಿಲ್ಲಿಸಬಾರದೇಕೆ ಎಂದು ಯಾರಾದರೂ ಕೇಳಿದರೆ ಅದು ಒಳ್ಳೆಯ ಪ್ರಶ್ನೆ. ಇನ್ಸುಲಿನ್ ಕೋಶದ ಹೊರಪೊರೆಯ ಮೇಲಿನ ಗ್ರಾಹಕಕ್ಕೆ ತಾಗಿದರೆ ಸಾಕು, ಕೆಲಸವಾಗುತ್ತದೆ. ಪಿ27ರ ಕೆಲಸ ಇರುವುದು ಒಳಗೆ, ಅದರಲ್ಲೂ ಕೋಶಕೇಂದ್ರದಲ್ಲಿ. ರಕ್ತಕ್ಕೆ ಕೊಟ್ಟ ಪ್ರೋಟೀನು ತಾನಾಗಿ ಅಲ್ಲಿಗೆ ಹೋಗದು. ಆದ್ದರಿಂದ ಕೊಳವೆಯ ಪಿ27 ಔಷಧವಲ್ಲ, ಪ್ರಶ್ನೆ ಕೇಳುವ ಸಾಧನ.

ಆ ಸಾಧನದಿಂದ ಬಂದ ಮೊದಲ ದೊಡ್ಡ ಉತ್ತರ 1996ರದು. ನ್ಯೂಯಾರ್ಕಿನ ನಿಕೊಲಾ ಪಾವ್ಲೆಟಿಚ್ ತಂಡ ಪಿ27, ಸೈಕ್ಲಿನ್ ಎ, ಸಿಡಿಕೆ2 ಮೂರನ್ನೂ ಕೂಡಿಸಿ ಹರಳುಗಟ್ಟಿಸಿ, ಎಕ್ಸ್-ಕಿರಣಗಳಿಂದ ಅದರ ಚಿತ್ರ ತೆಗೆಯಿತು. ಸಿಡಿಕೆ ಕೆಲಸ ಮಾಡಲು ಎಟಿಪಿ ಎಂಬ ಇಂಧನದ ಅಣು ಅದರ ಒಂದು ಕುಳಿಯೊಳಗೆ ಕೂರಬೇಕು. ಪಿ27ರ ಒಂದು ತುಣುಕು ಸುರುಳಿಯಾಗಿ ಅದೇ ಕುಳಿಗೆ ಹೊಕ್ಕಿದೆ; ಅದರ 88ನೆಯ ಅಮೈನೊ ಆಮ್ಲ, ಟೈರೋಸಿನ್, ಎಟಿಪಿಯ ಜಾಗದಲ್ಲೇ ಕೂತಿದೆ. ಇಂಧನಕ್ಕೆ ಜಾಗವೇ ಇಲ್ಲ. ಅಷ್ಟು ಸ್ಪಷ್ಟವಾದ ಚಿತ್ರ ಜೀವವಿಜ್ಞಾನದಲ್ಲಿ ಅಪರೂಪ. ಅದೇ ವರ್ಷ, ಪತ್ರಿಕೆಯೊಂದರ ಒಂದೇ ಸಂಚಿಕೆಯಲ್ಲಿ ಮೂರು ತಂಡಗಳು ಪಿ27 ಜೀನ್ ತೆಗೆದುಹಾಕಿದ ಇಲಿಗಳ ವಿವರ ಪ್ರಕಟಿಸಿದವು. ಆ ಇಲಿಗಳು ಮಾಮೂಲಿಗಿಂತ ದೊಡ್ಡವು, ಅವುಗಳ ಅಂಗಗಳಲ್ಲಿ ಕೋಶಗಳ ಸಂಖ್ಯೆಯೇ ಹೆಚ್ಚು, ಪಿಟ್ಯುಟರಿ ಗ್ರಂಥಿಯಲ್ಲಿ ಗಡ್ಡೆ, ಹೆಣ್ಣಿಲಿಗಳಿಗೆ ಮರಿಗಳಾಗಲಿಲ್ಲ. 1997ರಲ್ಲಿ ಸ್ತನ ಮತ್ತು ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಗಳನ್ನು ಪರೀಕ್ಷಿಸಿದ ತಂಡಗಳು, ಪಿ27 ಕಡಿಮೆ ಇದ್ದ ರೋಗಿಗಳು ಹೆಚ್ಚು ಕಷ್ಟಕ್ಕೊಳಗಾಗುತ್ತಾರೆ ಎಂದು ವರದಿ ಮಾಡಿದವು. ಕೊಳವೆ, ಇಲಿ, ಆಸ್ಪತ್ರೆ ಮೂರೂ ಒಂದೇ ಮಾತು ಹೇಳಿದಂತಾಯಿತು. ಬ್ರೇಕ್ ಎಂಬ ಹೆಸರು ಗಟ್ಟಿಯಾಯಿತು.

ಇಲ್ಲಿಗೆ ನಿಲ್ಲಿಸಿದ್ದರೆ ಕಥೆ ಚೆನ್ನಾಗಿತ್ತು. ಆದರೆ ಒಂದು ಸಂಗತಿ ಹೊಂದುತ್ತಿರಲಿಲ್ಲ. ಗಡ್ಡೆಗಳನ್ನು ತಡೆಯುವ ಬೇರೆ ಹೆಸರಾಂತ ಜೀನ್‌ಗಳು, ಉದಾಹರಣೆಗೆ ಪಿ53, ಕ್ಯಾನ್ಸರ್‌ಗಳಲ್ಲಿ ಮತ್ತೆ ಮತ್ತೆ ಕೆಟ್ಟಿರುತ್ತವೆ. ಪಿ27ರ ಜೀನ್ ಕೆಟ್ಟಿರುವುದು ವಿರಳ. ಜೀನ್ ಹಾಗೇ ಇದೆ, ಪ್ರೋಟೀನು ಮಾತ್ರ ಕಾಣೆ. ಎಲ್ಲಿಗೆ ಹೋಯಿತು? ಕೋಶ ಅದನ್ನು ಮುರಿದು ಹಾಕುತ್ತಿತ್ತು. ಬೇಡವಾದ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಗುರುತು ಹಚ್ಚಿ ಪುಡಿ ಮಾಡುವ ಏರ್ಪಾಡಿನ ಶೋಧಕ್ಕೆ 2004ರ ರಸಾಯನಶಾಸ್ತ್ರ ನೊಬೆಲ್ ಬಂತು. ಪಿ27 ಕೂಡ ಆ ದಾರಿಯಲ್ಲೇ ಹೋಗುತ್ತದೆ ಎಂದು ಮಿಕೆಲೆ ಪಾಗಾನೊ 1995ರಲ್ಲೇ ತೋರಿಸಿದ್ದರು. 1999ರ ಹೊತ್ತಿಗೆ ಗುರುತು ಹಚ್ಚುವ ಪ್ರೋಟೀನು ಎಸ್‌ಕೆಪಿ2 ಎಂದು ಗೊತ್ತಾಯಿತು. ಅದು ಪಿ27ನ್ನು ಗುರುತಿಸಬೇಕಾದರೆ ಪಿ27ರ 187ನೆಯ ಅಮೈನೊ ಆಮ್ಲಕ್ಕೆ ಫಾಸ್ಫೇಟ್ ಅಂಟಿರಬೇಕು. ಆ ಫಾಸ್ಫೇಟನ್ನು ಅಂಟಿಸುವವರು ಯಾರು? ಸಿಡಿಕೆ2.

ಅಂದರೆ, ಯಾವುದನ್ನು ತಡೆಯಲೆಂದು ಪಿ27 ಇದೆಯೋ ಅದೇ ಅದರ ನಾಶಕ್ಕೆ ಗುರುತು ಹಾಕಿಕೊಡುತ್ತದೆ. ಪೂರ್ತಿ ಕಟ್ಟಿಹಾಕಿದ ಕಿಣ್ವ ತನ್ನನ್ನು ಕಟ್ಟಿದವನ ಮೇಲೆ ಗುರುತು ಹಾಕುವುದು ಹೇಗೆ? 1996ರ ಚಿತ್ರದಲ್ಲಿ ಇದಕ್ಕೆ ಉತ್ತರವಿರಲಿಲ್ಲ, ಇರಲು ಸಾಧ್ಯವೂ ಇರಲಿಲ್ಲ. ಆ ಹರಳಿನಲ್ಲಿದ್ದದ್ದು ಪಿ27ರ ಮುಂಭಾಗದ ತುಂಡು, 198ರಲ್ಲಿ ಅರ್ಧಕ್ಕಿಂತ ಕಡಿಮೆ. 187ನೆಯ ಅಮೈನೊ ಆಮ್ಲ ಇರುವ ಬಾಲವನ್ನು ಸೇರಿಸಿರಲಿಲ್ಲ. ಸಡಿಲ ಬಾಲವಿದ್ದರೆ ಹರಳು ಕಟ್ಟುವುದು ಕಷ್ಟ. ಜೊತೆಗೆ, ಅದು ಬ್ಯಾಕ್ಟೀರಿಯಾದಲ್ಲಿ ತಯಾರಾದದ್ದು. ನನ್ನ ವಾದದ ತಿರುಳು ಇರುವುದು ಇಲ್ಲೇ. ಇ. ಕೋಲೈ ಮನುಷ್ಯನ ಜೀನನ್ನು ಅಕ್ಷರಶಃ ಓದುತ್ತದೆ, ಅಮೈನೊ ಆಮ್ಲಗಳನ್ನು ಒಂದೂ ತಪ್ಪದೆ ಜೋಡಿಸುತ್ತದೆ. ಆದರೆ ಮನುಷ್ಯನ ಕೋಶದಲ್ಲಿ ಆ ಸರಪಳಿ ಹುಟ್ಟಿದ ಮೇಲೆ ಅದಕ್ಕೆ ಅಂಟುವ ಫಾಸ್ಫೇಟುಗಳು ಬ್ಯಾಕ್ಟೀರಿಯಾದೊಳಗೆ ಅಂಟುವುದಿಲ್ಲ. ಅಂಟಿಸುವ ಕಿಣ್ವಗಳೇ ಅಲ್ಲಿಲ್ಲ. ಕೊಳವೆಯಲ್ಲಿರುವುದು ಬರಿಮೈಯ ಪಿ27. ಶೇ 95 ಶುದ್ಧವಾದ ಬರಿಮೈ.

ಬರಿಮೈಯ ಪಿ27 ಗಟ್ಟಿ ಬ್ರೇಕ್, ಅದರಲ್ಲಿ ಸಂಶಯವಿಲ್ಲ. 2007ರಲ್ಲಿ ಎರಡು ತಂಡಗಳು ಮುಂದಿನ ಪ್ರಶ್ನೆ ಕೇಳಿದವು. ಕುಳಿಯೊಳಗೆ ಕೂತ ಆ 88ನೆಯ ಟೈರೋಸಿನ್‌ಗೇ ಫಾಸ್ಫೇಟ್ ಅಂಟಿದರೆ ಏನಾಗುತ್ತದೆ? ಶುದ್ಧ ಪಿ27ಕ್ಕೆ, ಟೈರೋಸಿನ್ನಿಗೆ ಫಾಸ್ಫೇಟ್ ಅಂಟಿಸುವ ಕಿಣ್ವಗಳಾದ ಟೈರೋಸಿನ್ ಕೈನೇಸ್‌ಗಳನ್ನು ಸೇರಿಸಿ ನೋಡಿದರು. ಫಾಸ್ಫೇಟ್ ಅಂಟಿದೊಡನೆ ಆ ತುಣುಕು ಕುಳಿಯಿಂದ ಹೊರಬಿತ್ತು. ಪಿ27ರ ಉಳಿದ ಭಾಗ ಸೈಕ್ಲಿನ್ನನ್ನು, ಸಿಡಿಕೆಯನ್ನು ಹಿಡಿದೇ ಇತ್ತು. ಆದರೆ ಎಟಿಪಿಗೆ ಜಾಗವಾಯಿತು, ಸಿಡಿಕೆ2 ಅರೆಬರೆ ಎಚ್ಚರಗೊಂಡು, ತನಗೆ ಸುತ್ತಿಕೊಂಡ ಪಿ27ರ ಬಾಲಕ್ಕೇ ಗುರುತು ಹಾಕಿತು. ಒಗಟು ಬಿಡಿಸಿದಂತಾಯಿತು. ಈ ಕೆಲಸ ಮಾಡುವ ಕೈನೇಸ್‌ಗಳಲ್ಲಿ ಎಸ್‌ಆರ್‌ಸಿ ಇದೆ, ಒಂದು ಬಗೆಯ ರಕ್ತದ ಕ್ಯಾನ್ಸರ್‌ಗೆ ಕಾರಣವಾದ ಬಿಸಿಆರ್-ಎಬಿಎಲ್ ಇದೆ. ಕ್ಯಾನ್ಸರ್ ಕೋಶ ಪಿ27ರ ಜೀನನ್ನು ಕೆಡಿಸುವ ಗೋಜಿಗೆ ಏಕೆ ಹೋಗುವುದಿಲ್ಲ ಎಂಬುದು ಈಗ ಅರ್ಥವಾಗುತ್ತದೆ. ಫಾಸ್ಫೇಟ್ ಅಂಟಿಸಿದರೆ ಸಾಕಾಗುವ ಕೆಲಸ ಅದು.

ಇದಕ್ಕೂ ಮೊದಲು, 2002ರಲ್ಲಿ, ಮೂರು ತಂಡಗಳು ಇನ್ನೊಂದನ್ನು ಕಂಡಿದ್ದವು. ಕೆಲವು ಸ್ತನ ಕ್ಯಾನ್ಸರ್‌ಗಳಲ್ಲಿ ಪಿ27 ಇದೆ, ಆದರೆ ಕೋಶಕೇಂದ್ರದಲ್ಲಿಲ್ಲ. ಎಕೆಟಿ ಎಂಬ ಕಿಣ್ವ ಫಾಸ್ಫೇಟ್ ಅಂಟಿಸಿ ಅದನ್ನು ಕೇಂದ್ರದ ಹೊರಗೇ ಉಳಿಸಿದೆ. ಹೊರಗುಳಿದ ಪಿ27 ಸುಮ್ಮನಿರುವುದೂ ಇಲ್ಲ. ಕೋಶದ ಚಲನೆಗೆ ಸಂಬಂಧಪಟ್ಟ ಪ್ರೋಟೀನುಗಳ ಜೊತೆ ಸೇರಿಕೊಳ್ಳುತ್ತದೆ. ಸೈಕ್ಲಿನ್-ಸಿಡಿಕೆಯನ್ನು ಹಿಡಿಯಲಾರದಂತೆ ತಿದ್ದಿದ ಪಿ27 ಇರುವ ಇಲಿಗಳಲ್ಲಿ ಹಲವು ಅಂಗಗಳಲ್ಲಿ ಗಡ್ಡೆಗಳೆದ್ದವು ಎಂದು 2007ರಲ್ಲಿ ವರದಿಯಾಯಿತು. ಪಿ27 ಪೂರ್ತಿ ಇಲ್ಲದ ಇಲಿಗಳಿಗಿಂತ ಇವುಗಳ ಸ್ಥಿತಿ ಕೆಟ್ಟದ್ದು. ಬ್ರೇಕ್ ಕಳಚಿದ ಮೇಲೆ ಉಳಿದ ಪ್ರೋಟೀನು ತಾನೇ ಹಾನಿಗೆ ಇಳಿದಿತ್ತು ಎಂಬುದಕ್ಕೆ ಇದಕ್ಕಿಂತ ನೇರ ಸಾಕ್ಷ್ಯ ಬೇಕೆ?

ಇಂಥ ಸಂಗತಿಗಳನ್ನು ಮುಂದಿಟ್ಟು ಕೆಲವರು ಒಂದು ತೀರ್ಮಾನಕ್ಕೆ ಬರುತ್ತಾರೆ: ಕೊಳವೆಯಲ್ಲಿ ಬಿಡಿಬಿಡಿ ಪ್ರೋಟೀನುಗಳನ್ನು ಬೆರೆಸಿ ಕಲಿಯುವುದು ಹಳೆಯ ದಾರಿ, ಜೀವವನ್ನು ಇಡಿಯಾಗಿ ನೋಡಬೇಕು, ಕೋಶದ ಹೊರಗೆ ಕಂಡದ್ದಕ್ಕೆ ಬೆಲೆಯಿಲ್ಲ. ಈ ಮಾತಿನಲ್ಲಿ ಆಕರ್ಷಣೆ ಇದೆ. ನಮ್ಮಲ್ಲಿ 'ಸಮಗ್ರ' ಎಂಬುದಕ್ಕೆ ಸಹಜವಾಗಿಯೇ ಗೌರವ ಹೆಚ್ಚು. ಆದರೆ ಪಿ27ರ ಚರಿತ್ರೆಯನ್ನು ಸರಿಯಾಗಿ ಓದಿದರೆ ಈ ತೀರ್ಮಾನ ನಿಲ್ಲುವುದಿಲ್ಲ. ಇಡೀ ಕೋಶದಲ್ಲಿ ಸಾವಿರಾರು ಬಗೆಯ ಪ್ರೋಟೀನುಗಳು ಒಟ್ಟಿಗೆ ಇರುತ್ತವೆ. ಪಿ27 ಇದ್ದೂ ಕೋಶ ಒಡೆಯುತ್ತಿದೆ ಎಂಬುದನ್ನು ಕೋಶ ತೋರಿಸುತ್ತದೆ. ಏಕೆ ಎಂದು ಹೇಳುವುದಿಲ್ಲ. 88ನೆಯ ಟೈರೋಸಿನ್ನಿನ ಫಾಸ್ಫೇಟೇ ಕಾರಣ, ಬೇರೆ ಯಾವುದೂ ಅಲ್ಲ ಎಂದು ಹೇಳಬೇಕಾದರೆ ಬೇರೆ ಎಲ್ಲವನ್ನೂ ಹೊರಗಿಟ್ಟು, ಆ ಒಂದು ಫಾಸ್ಫೇಟನ್ನು ಮಾತ್ರ ಬದಲಿಸಿ ನೋಡಲು ಆಗಬೇಕು. ಅದು ಸಾಧ್ಯವಾಗುವುದು ಕೊಳವೆಯಲ್ಲಿ ಮಾತ್ರ. ಮೊದಲ ಕೊಳವೆ ಸುಳ್ಳು ಹೇಳಿರಲಿಲ್ಲ. ಬರಿಮೈಯ ಪಿ27 ಸಿಡಿಕೆ2ನ್ನು ತಡೆಯುತ್ತದೆಯೇ ಎಂಬ ಪ್ರಶ್ನೆಗೆ ಹೌದು ಎಂದಿತ್ತು, ಅದು ಇಂದಿಗೂ ಹೌದು. ಪಿ27 ಕೋಶದಲ್ಲಿ ಏನು ಮಾಡುತ್ತದೆ ಎಂಬ ಬೇರೆಯೇ ಪ್ರಶ್ನೆಗೆ ಆ ಉತ್ತರವನ್ನು ಹೊಂದಿಸಿದವರು ನಾವು.

ಇದು ಬರೀ ವಿದ್ವಾಂಸರ ಚರ್ಚೆ ಎಂದು ಯಾರಿಗಾದರೂ ಅನಿಸಿದರೆ, 2019ರ ಕೆಲಸವನ್ನು ನೋಡಬೇಕು. ಪ್ಯಾಲ್ಬೊಸಿಕ್ಲಿಬ್ ಎಂಬ ಔಷಧ ಸಿಡಿಕೆ4, ಸಿಡಿಕೆ6 ಕಿಣ್ವಗಳನ್ನು ತಡೆಯುತ್ತದೆ. ಹಾರ್ಮೋನಿಗೆ ಸ್ಪಂದಿಸುವ, ದೇಹದಲ್ಲಿ ಹರಡಿದ ಸ್ತನ ಕ್ಯಾನ್ಸರ್‌ಗೆ ಕೊಡಲು 2015ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಭಾರತದಲ್ಲಿ 2023ರ ಜನವರಿಯಲ್ಲಿ ಪೇಟೆಂಟ್ ಅವಧಿ ಮುಗಿದ ಮೇಲೆ ಇಲ್ಲಿನ ಕಂಪನಿಗಳು ಅದೇ ಔಷಧವನ್ನು ತಯಾರಿಸತೊಡಗಿ, ಬೆಲೆ ಬಹಳಷ್ಟು ಇಳಿಯಿತು. ಹಿಂದೆ ಈ ಮಾತ್ರೆಯ ಬೆಲೆ ಕೇಳಿ ಚಿಕಿತ್ಸೆ ಬೇಡವೆಂದು ಊರಿಗೆ ಮರಳಬೇಕಾಗುತ್ತಿದ್ದ ಮನೆಗಳಿಗೆ ಇದು ಎಷ್ಟು ದೊಡ್ಡ ಸಂಗತಿ ಎಂದು ವಿವರಿಸಬೇಕಿಲ್ಲ. ಆದರೆ ಈ ಮಾತ್ರೆ ಎಲ್ಲರಿಗೂ ಒಂದೇ ಥರ ಕೆಲಸ ಮಾಡುವುದಿಲ್ಲ. ಕೆಲಸ ಮಾಡಿದವರಲ್ಲೂ ಕೆಲಕಾಲದ ನಂತರ ಗಡ್ಡೆ ಮತ್ತೆ ಬೆಳೆಯುವುದುಂಟು. ಏಕೆ?

ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಜ್‌ನಲ್ಲಿ ಸೇತ್ ರೂಬಿನ್ ತಂಡ 2019ರ ಆ ಕೆಲಸದಲ್ಲಿ ಶುದ್ಧ ಪ್ರೋಟೀನುಗಳನ್ನು ಕೂಡಿಸಿ ಸಿಡಿಕೆ4, ಸೈಕ್ಲಿನ್ ಡಿ, ಪಿ27 ಮೂರರ ಕೂಟವನ್ನು ಕಟ್ಟಿತು. ಈ ಸಲ ಪಿ27 ಬರಿಮೈಯದಲ್ಲ; ಟೈರೋಸಿನ್ ಫಾಸ್ಫೇಟ್ ಅಂಟಿಸಿಕೊಂಡದ್ದು. ಆ ಕೂಟದಲ್ಲಿ ಸಿಡಿಕೆ4 ಚುರುಕಾಗಿತ್ತು. ಪಿ27 ಅದನ್ನು ತಡೆಯುವ ಬದಲು ಕೆಲಸಕ್ಕೆ ತಕ್ಕ ಆಕಾರಕ್ಕೆ ತಂದಿತ್ತು. ಪ್ಯಾಲ್ಬೊಸಿಕ್ಲಿಬ್ ಸೇರಿಸಿದರೆ ಅದು ಈ ಚುರುಕಾದ ಕೂಟಕ್ಕೆ ಅಂಟಲಿಲ್ಲ. ಒಂಟಿಯಾಗಿದ್ದ ಸಿಡಿಕೆ4ಕ್ಕೆ ಅಂಟಿತು. ಔಷಧ ಕೆಲಸ ಮಾಡುವ ಬಗೆಯೇ ನಾವು ಅಂದುಕೊಂಡಂತಿಲ್ಲ ಎಂಬ ಸಾಧ್ಯತೆ ತೆರೆಯಿತು. ಒಡೆಯುತ್ತಿರುವ ಕೋಶದಲ್ಲಿ ಪಿ27ನ್ನು ಸೈಕ್ಲಿನ್ ಡಿ-ಸಿಡಿಕೆ4 ಹಿಡಿದಿಟ್ಟುಕೊಂಡಿರಬಹುದು ಎಂದು 1994ರಲ್ಲಿ ಕುದಿಸಿ ನೋಡಿದವರು ಬರೆದಿದ್ದರಲ್ಲವೆ? ಆ ಹಿಡಿತದೊಳಗೆ ಏನು ನಡೆಯುತ್ತದೆ ಎಂದು ತಿಳಿಯಲು ಇಪ್ಪತ್ತೈದು ವರ್ಷ ಬೇಕಾಯಿತು. ನಡುವೆ, ಪಿ27 ಮತ್ತು ಪಿ21 ಸೈಕ್ಲಿನ್ ಡಿ-ಸಿಡಿಕೆ4 ಜೋಡಿಯ ಕೂಡಿಕೆಗೆ ನೆರವಾಗುತ್ತವೆ ಎಂದು 1997ರಲ್ಲೂ 1999ರಲ್ಲೂ ಬಂದ ಪ್ರಬಂಧಗಳು ಹೇಳಿದ್ದವು. ಅವುಗಳ ಮಾತು ಹೊರಗಿನ ಓದುಗರ ತನಕ ಬರಲಿಲ್ಲ. 'ಕ್ಯಾನ್ಸರ್‌ಗೆ ಬ್ರೇಕ್' ಎಂಬ ತಲೆಬರಹ ಮಾತ್ರ ಬಂತು. ವಿಜ್ಞಾನ ಬರೆಯುವ ನಮ್ಮಂಥವರ ಹೊಣೆ ಇದರಲ್ಲಿ ದೊಡ್ಡದು. ಒಂದು ಪ್ರೋಟೀನಿಗೆ ಒಂದೇ ಕೆಲಸ ಹಚ್ಚಿಬಿಟ್ಟರೆ ಓದುಗರಿಗೆ ಸುಲಭವಾಗುತ್ತದೆ, ನಿಜ. ಆದರೆ ಅದೇ ಪ್ರೋಟೀನು ಇನ್ನೊಂದು ಕೆಲಸ ಮಾಡುತ್ತದೆ ಎಂದು ನಾಳೆ ಸುದ್ದಿ ಬಂದಾಗ, ವಿಜ್ಞಾನಿಗಳು ದಿನಕ್ಕೊಂದು ಹೇಳುತ್ತಾರೆ ಎಂಬ ಅಪನಂಬಿಕೆ ಅದೇ ಓದುಗರಲ್ಲಿ ಹುಟ್ಟುತ್ತದೆ. ವಿಜ್ಞಾನ ಮಾತು ಬದಲಿಸಿರುವುದಿಲ್ಲ. ಮೊದಲ ಸಲವೇ ನಾವು ಅದರ ಮಾತನ್ನು ಅರ್ಧಕ್ಕೆ ತುಂಡರಿಸಿ ಕೊಟ್ಟಿರುತ್ತೇವೆ.

ಪ್ರಯೋಗಾಲಯದೊಳಗಿನ ಹೊಣೆ ಇನ್ನೂ ಖಚಿತವಾದದ್ದು. ಪಿ27 ತರಿಸಿಕೊಳ್ಳುವವರು ಚೀಟಿಯ ಶುದ್ಧತೆಯನ್ನು ನೋಡಿ ತೃಪ್ತರಾಗಬಾರದು. ಅದು ಇಡಿಯೋ ತುಂಡೋ? ಬ್ಯಾಕ್ಟೀರಿಯಾದಲ್ಲಿ ತಯಾರಾಯಿತೋ, ಕೀಟದ ಕೋಶದಲ್ಲೋ? ಬೇರ್ಪಡಿಸಲು ಅನುಕೂಲವಾಗಲಿ ಎಂದು ಜೋಡಿಸಿದ ಟ್ಯಾಗ್ ಇನ್ನೂ ಅಂಟಿಕೊಂಡಿದೆಯೇ? ಆರು ಹಿಸ್ಟಿಡಿನ್‌ಗಳ ಟ್ಯಾಗ್ ಚಿಕ್ಕದು, ಬಹುಪಾಲು ನಿರುಪದ್ರವಿ. ಜಿಎಸ್‌ಟಿ ಟ್ಯಾಗ್ ಹಾಗಲ್ಲ. ಅದರ ತೂಕ 26 ಕಿಲೋಡಾಲ್ಟನ್, ಅಂದರೆ ಪಿ27ಕ್ಕಿಂತಲೂ ಭಾರ. ಸಾಲದ್ದಕ್ಕೆ ಅದು ತನ್ನಂಥದೇ ಇನ್ನೊಂದರ ಜೊತೆ ಜೋಡಿ ಕಟ್ಟುತ್ತದೆ. ಅಂಥ ಕೊಳವೆಯಲ್ಲಿ ತೂಕದ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಟ್ಯಾಗೇ ಇರುತ್ತದೆ. ಆದರೂ ಚೀಟಿಯ ಶೇ 95 ಸುಳ್ಳಾಗುವುದಿಲ್ಲ. ಈ ಪ್ರಶ್ನೆಗಳನ್ನು ಕೇಳದೆ ಮಾಡಿದ ಪ್ರಯೋಗದ ಫಲಿತಾಂಶವನ್ನು ಮುಂದೆ ಯಾರೋ ಮತ್ತೆ ಮಾಡಿ ನೋಡಿ, ಹೊಂದುತ್ತಿಲ್ಲ ಎಂದು ತಲೆ ಕೆಡಿಸಿಕೊಳ್ಳುತ್ತಾರೆ.

ಇಂಥ ಪ್ರಶ್ನೆಗಳು ತಾವಾಗಿ ಹುಟ್ಟುವುದು, ಒಮ್ಮೆಯಾದರೂ ಪ್ರೋಟೀನನ್ನು ಕೈಯಾರೆ ತಯಾರಿಸಿದವರಲ್ಲಿ. ನಮ್ಮ ವಿಶ್ವವಿದ್ಯಾಲಯಗಳ ಜೀವರಸಾಯನಶಾಸ್ತ್ರದ ಎಂ.ಎಸ್ಸಿ. ಪ್ರಯೋಗಗಳಲ್ಲಿ ಹಾಲಿನಿಂದ ಕೇಸೀನ್ ತೆಗೆಯುವುದು, ಜೊಲ್ಲಿನ ಅಮೈಲೇಸ್ ಅಳೆಯುವುದು, ಲೌರಿ ವಿಧಾನದಿಂದ ಪ್ರೋಟೀನ್ ಅಂದಾಜು ಮಾಡುವುದು ಹಿಂದಿನಿಂದ ನಡೆದುಬಂದಿವೆ. ಅವು ಇರಲಿ. ಜೊತೆಗೆ ಪಿ27ನ್ನು ಸೇರಿಸಬೇಕು ಎಂಬುದು ನನ್ನ ಕೋರಿಕೆ. ಇದಕ್ಕಿಂತ ವಿದ್ಯಾರ್ಥಿಗೆ ಒದಗುವ ಪ್ರೋಟೀನು ಸಿಗುವುದು ಕಷ್ಟ. ಹಿಸ್ಟಿಡಿನ್ ಟ್ಯಾಗನ್ನು ಹಿಡಿಯುವ ದುಬಾರಿ ನಿಕ್ಕಲ್ ಕಾಲಂ ಕೂಡ ಬೇಕಿಲ್ಲ. ಬ್ಯಾಕ್ಟೀರಿಯಾವನ್ನು ಒಡೆದು, ರಸವನ್ನು ಕುದಿನೀರಿನಲ್ಲಿ ಹತ್ತು ನಿಮಿಷ ಇಟ್ಟು, ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಬ್ಯಾಕ್ಟೀರಿಯಾದ ಹೆಚ್ಚಿನ ಪ್ರೋಟೀನುಗಳು ಬೆಳ್ಳಗೆ ಗಟ್ಟಿಯಾಗಿ ತಳ ಸೇರುತ್ತವೆ, ಪಿ27 ತಿಳಿಯಲ್ಲಿ ಉಳಿಯುತ್ತದೆ. ಕುದಿಸುವ ಮುಂಚಿನ ರಸ, ತಳದ ಗಟ್ಟಿ, ಮೇಲಿನ ತಿಳಿ ಮೂರನ್ನೂ ಅಕ್ಕಪಕ್ಕ ಜೆಲ್‌ನಲ್ಲಿ ಓಡಿಸಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಲೆಕ್ಕದಲ್ಲಿ 22 ಬರುವ ತೂಕ ಜೆಲ್‌ನಲ್ಲಿ 27 ಏಕಾಯಿತು ಎಂದು ವಿದ್ಯಾರ್ಥಿ ಕೇಳಲೇಬೇಕಾಗುತ್ತದೆ. ಆ ಪ್ರಶ್ನೆಯಿಂದ ರಾಮಚಂದ್ರನ್ ನಕ್ಷೆಗೂ, ಸಡಿಲ ಪ್ರೋಟೀನುಗಳಿಗೂ, ಫಾಸ್ಫೇಟಿಗೂ ದಾರಿಗಳಿವೆ.

ಬೇಕಾದ ಪ್ಲಾಸ್ಮಿಡ್‌ಗಳನ್ನು ಲಾಭದ ಉದ್ದೇಶವಿಲ್ಲದೆ ವಿಜ್ಞಾನಿಗಳಿಗೆ ಹಂಚುವ ಆ್ಯಡ್‌ಜೀನ್‌ನಂಥ ಸಂಗ್ರಹಗಳಿವೆ. ಬೆಂಗಳೂರಿನ ಸಂಶೋಧನಾ ಸಂಸ್ಥೆಗಳಲ್ಲಿ ಜೀನನ್ನು ಪ್ಲಾಸ್ಮಿಡ್ಡಿಗೆ ಸೇರಿಸಿಕೊಡಬಲ್ಲ ಕೈಗಳಿವೆ. ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿಯ ಒಪ್ಪಿಗೆ ಪಡೆಯಬೇಕು, ಅದು ಕಷ್ಟದ ಕೆಲಸವೇನಲ್ಲ. ಉಳಿದಂತೆ ಬೇಕಾದ ಶೇಕರ್, ಸೆಂಟ್ರಿಫ್ಯೂಜ್, ನೀರು ಕಾಯಿಸುವ ಪಾತ್ರೆ, ಜೆಲ್ ತೊಟ್ಟಿ ಇವೆಲ್ಲ ಮೈಸೂರು, ಧಾರವಾಡ, ಮಂಗಳೂರು, ಶಂಕರಘಟ್ಟದಂಥ ಕಡೆಯ ವಿಭಾಗಗಳಿಗೆ ಹೊಸವಲ್ಲ. ಮುಂದಿನ ಪಠ್ಯಕ್ರಮ ಪರಿಷ್ಕರಣೆಗೆ ಕೂರುವ ಅಧ್ಯಯನ ಮಂಡಳಿಗಳ ಸದಸ್ಯರು ಈ ಒಂದು ಪ್ರಯೋಗವನ್ನು ಪಟ್ಟಿಗೆ ಸೇರಿಸಲಿ.